ಹಾಲಿನ ಟ್ಯಾಂಕಿಗೆ ಸೆನ್ಸರ್, ಬೋರಿಗೆ ಬರಿ ಅಂದಾಜು

ಟ್ಯಾಂಕಿನೊಳಗೆ ದ್ರವ ಎಷ್ಟಿದೆ ಎಂದು ತಿಳಿಸುವ ಸೆನ್ಸರ್‌ಗಳಿಗೆ ಈಗ ದೊಡ್ಡ ಪೇಟೆಯಿದೆ. ಡೇರಿ, ಸಕ್ಕರೆ ಕಾರ್ಖಾನೆಯ ಬಾಯ್ಲರು, ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು, ಎಲ್ಲಾ ಕಡೆ ಇವೆ. 1953ರಲ್ಲಿ ಜರ್ಮನಿಯಲ್ಲಿ ಶುರುವಾದ ಎಂಡ್ರೆಸ್ ಹೌಸರ್ ಕಂಪೆನಿ ಮೊದಲು ಮಾರಿದ್ದೇ ಮಟ್ಟ ಅಳೆಯುವ ಸಾಧನ. ಅಂದರೆ ಇದು ಹೊಸ ವಿದ್ಯೆಯೇನಲ್ಲ. ರಾಡಾರ್ ಸೆನ್ಸರು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತೆ. ನಿಮ್ಮ ಬೋರಿನಲ್ಲಿ ನೀರು ಎಷ್ಟು ಅಡಿಗಿದೆ ಅಂತ ಕೇಳಿದರೆ ನಮ್ಮ ಬಯಲುಸೀಮೆಯಲ್ಲಿ ಉತ್ತರ ಹೇಳುವವರು ಅಪರೂಪ. ಕೊರೆಸಿದ್ದು ಎಷ್ಟು ಅಡಿ, ಮೋಟ್ರು ಇಳಿಸಿದ್ದು ಎಷ್ಟು ಅಡಿ, ಇಷ್ಟೇ ಗೊತ್ತು.

ಅಂಗಡಿಯವರು ನಮಗೆ ಮಾರುವುದು ಡ್ರೈ ರನ್ ಕಟ್ ಆಗುವ ಪೆಟ್ಟಿಗೆ. ರಾತ್ರಿ ಕರೆಂಟು ಬಂದಾಗ ಆಟೋ ಸ್ಟಾರ್ಟರ್ ಹಾಕಿ ಮಲಗುವವರಿಗೆ ಅದು ಬೇಕೇ ಬೇಕು, ಬೇಡ ಅನ್ನಲಾರೆ. ಆದರೆ ಅದರಲ್ಲಿ ಎರಡು ಜಾತಿ. ಒಂದು ಮೋಟ್ರು ಎಳೆಯುವ ಆಂಪಿಯರ್ ನೋಡುತ್ತೆ; ನೀರು ಬಿಟ್ಟುಹೋದರೆ ಆಂಪಿಯರ್ ಇಳಿಯುತ್ತೆ, ಆಗ ನಿಲ್ಲಿಸುತ್ತೆ. ಇದಕ್ಕೆ ನೀರಿನ ಮಟ್ಟವೇ ಗೊತ್ತಿಲ್ಲ, ಖಾಲಿಯಾದ ಮೇಲಷ್ಟೇ ಎಚ್ಚರ. ಇನ್ನೊಂದರಲ್ಲಿ ಬೋರಿನೊಳಗೆ ತಂತಿ ಇಳಿಬಿಡುತ್ತಾರೆ. ನೀರಿನಲ್ಲಿ ಸ್ವಲ್ಪ ವಿದ್ಯುತ್ ಹರಿಯುತ್ತದಲ್ಲ, ಅದೇ ಗುರುತು. ನಮ್ಮ ಉಪ್ಪುನೀರಿಗೆ ತುದಿಯ ಮೇಲೆ ಸುಣ್ಣ ಕಟ್ಟುತ್ತೆ, ತೊಳೆಯದಿದ್ದರೆ ಮೋಸ ಮಾಡುತ್ತೆ. ಈ ಮಾತನ್ನು ಮಾರುವವರು ಹೇಳುವುದಿಲ್ಲ.

ಶಬ್ದದ ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯುವ ಸೆನ್ಸರು ತೆರೆದ ತೊಟ್ಟಿಗೆ, ಕೃಷಿಹೊಂಡಕ್ಕೆ ಸರಿ. ಬೋರು ಇಕ್ಕಟ್ಟು, ಒಳಗೆ ಪೈಪು, ಕೇಬಲ್ಲು. ಪ್ರತಿಧ್ವನಿ ಅಲ್ಲೇ ತಾಗಿ ತಪ್ಪು ಲೆಕ್ಕ ಕೊಡುತ್ತೆ. ಬೋರಿಗೆ ಒಗ್ಗುವುದು ಮುಳುಗಿಸಿಡುವ ಒತ್ತಡದ ಸೆನ್ಸರು. ಹತ್ತು ಮೀಟರ್ ನೀರು ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ, ಇದೇ ಲೆಕ್ಕ. ಕಾರ್ಖಾನೆಯವರಿಗೆ ಅದರ ಬೆಲೆ ಭಾರವಲ್ಲ. ಎರಡು ಎಕರೆ ಈರುಳ್ಳಿಯವನಿಗೆ ಭಾರವೇ. ರೈತನಿಗೆ ಮಿಲಿಮೀಟರ್ ಯಾಕೆ? ಐದಡಿ ಹೆಚ್ಚುಕಮ್ಮಿ ತೋರಿಸುವ, ಗಟ್ಟಿಮುಟ್ಟಾದ, ನಮ್ಮೂರ ಮೆಕ್ಯಾನಿಕ್ಕೇ ರಿಪೇರಿ ಮಾಡಬಲ್ಲ ಸಾಧನ ಮಾಡಿಕೊಡಿ, ಕೊಳ್ಳುತ್ತೇವೆ. ಸಬ್ಸಿಡಿ ಕೊಡುವವರೂ ಬರಿ ಪಂಪು, ಪೈಪು ಅನ್ನದೆ ಇದನ್ನೂ ಪಟ್ಟಿಗೆ ಸೇರಿಸಲಿ.

ಅಲ್ಲೀತನಕ ಸೌಂಡರ್ ಸಾಕು. ಅಳತೆಪಟ್ಟಿಯ ತುದಿ ನೀರಿಗೆ ತಾಗಿದರೆ ಪೀಂ ಅನ್ನುತ್ತೆ, ಎಷ್ಟು ಅಡಿ ಅಂತ ನೋಡಿಕೊಂಡರಾಯಿತು. 2000ರ ದಶಕದಲ್ಲಿ ಆಂಧ್ರದ ಬರಪ್ರದೇಶಗಳಲ್ಲಿ ರೈತರೇ ಬೋರು ಅಳೆದು, ಊರಿನ ನೀರಿನ ಲೆಕ್ಕ ಹಾಕಿ, ಹಿಂಗಾರಿಗೆ ಏನು ಬಿತ್ತಬೇಕು ಅಂತ ಕೂತು ಮಾತಾಡಿದ್ದರು. ನಮಗೂ ಬೇಕಾದ್ದು ಅದೇ. ಕಾರ್ತಿಕದಲ್ಲಿ ಮಟ್ಟ ಗೊತ್ತಿದ್ದರೆ ಈರುಳ್ಳಿಯೋ ಕಡಲೆಯೋ ಅಂತ ತೀರ್ಮಾನಿಸಬಹುದು. ಗಡ್ಡೆ ಕಟ್ಟುವ ಹೊತ್ತಿಗೆ ನೀರು ನಿಂತರೆ ಬೀಜ, ಗೊಬ್ಬರ, ಕೂಲಿ ಎಲ್ಲಾ ಮಣ್ಣುಪಾಲು.

ಒಂದು ತೊಡಕಿದೆ. ಪೈಪು, ಕೇಬಲ್ಲಿನ ಸಂದಿಯಲ್ಲಿ ಪಟ್ಟಿ ಸಿಕ್ಕಿಕೊಳ್ಳುತ್ತೆ. ಮೋಟ್ರು ಇಳಿಸುವಾಗಲೇ ಪಕ್ಕದಲ್ಲಿ, ಕೆಳತುದಿ ತೆರೆದ ಒಂದು ಸಣ್ಣ ಪೈಪು ಪಂಪಿನ ಮೇಲ್ತನಕ ಕಟ್ಟಿಸಿ. ಪಟ್ಟಿ ಅದರೊಳಗೆ ಸಲೀಸಾಗಿ ಇಳಿಯುತ್ತೆ. ಮೋಟ್ರು ಎತ್ತಿದ ದಿನವೇ ಈ ಕೆಲಸ ಮುಗಿಸಿ. ಇದೊಂದಕ್ಕೇ ಮತ್ತೆ ಎತ್ತಿಸಿದರೆ ಬಾಡಿಗೆ, ಕೂಲಿ ಎರಡೂ ಮತ್ತೆ ಬೀಳುತ್ತೆ.