ನೆಲವೇ ಉರಿಯುವಲ್ಲಿ ನೀರೇ ಕಾವಲು



ಅಕ್ಕಿ ಗಿರಣಿಯ ಹಿಂದೆ ಸುರಿದ ಹೊಟ್ಟಿನ ರಾಶಿಗೆ ಬೆಂಕಿ ತಗುಲಿದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಜ್ವಾಲೆ ಕಾಣುವುದಿಲ್ಲ. ಮೇಲೆ ಬೂದಿ, ಬದಿಯಲ್ಲಿ ಸಣ್ಣಗೆ ಹೊಗೆ. ಆರಿತೆಂದು ತಿಳಿದು ದನವೋ ಮಗುವೋ ಕಾಲಿಟ್ಟರೆ ಒಳಗೆಲ್ಲ ಕೆಂಡ. ನಾಲ್ಕು ಕೊಡ ನೀರು ಸುರಿದರೆ ಮೇಲ್ಪದರ ತೋಯುತ್ತದೆಯೇ ಹೊರತು ಒಳಗಿನ ಕಿಚ್ಚು ಆರುವುದಿಲ್ಲ. ಈಗ ಹೊಲ, ಊರು, ಕಾಡು ಎಲ್ಲವೂ ಇಂಥ ರಾಶಿಯ ಮೇಲೆಯೇ ಇದ್ದರೆ? ಆ ರಾಶಿಯ ಆಳ ಕೆಲವೆಡೆ 10 ಮೀಟರಿಗೂ ಹೆಚ್ಚಾಗಿದ್ದರೆ? ಇಂಡೋನೇಷ್ಯಾದ ಸುಮಾತ್ರ ಮತ್ತು ಬೋರ್ನಿಯೋ ದ್ವೀಪಗಳಲ್ಲಿ ಇಂಥ ನೆಲದ ಮೇಲೆ ಬಾಳುವ ರೈತರಿದ್ದಾರೆ.

ದೂರದ ದೇಶದ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ನಮ್ಮ ಅಡಿಗೆಮನೆಯ ಪಾಮೋಲಿನ್. ತಾಳೆ ಎಣ್ಣೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಉತ್ಪಾದಿಸುವ ದೇಶ ಇಂಡೋನೇಷ್ಯಾ. ಅತಿ ಹೆಚ್ಚು ಆಮದು ಮಾಡಿಕೊಳ್ಳುವವರಲ್ಲಿ ನಾವೇ ಮುಂದು. ಆ ತಾಳೆ ತೋಟಗಳಲ್ಲಿ ಒಂದು ಪಾಲು ಈ ನೆಲವನ್ನು ಬಸಿದು ಎಬ್ಬಿಸಿದ್ದು. ಎರಡನೆಯದು, ಮಳೆ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೋ ವರ್ಷಗಳಲ್ಲಿ ಅಲ್ಲಿಯ ಕಾಡು ಒಣಗುತ್ತದೆ; ಅನೇಕ ಸಲ ಇಲ್ಲಿಯ ಮುಂಗಾರೂ ಕೈಕೊಡುತ್ತದೆ. 2015ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇಕಡಾ 14ರಷ್ಟು ಕಡಿಮೆಯಾಗಿ ಕರ್ನಾಟಕದ ರೈತರು ಬರ ಕಂಡರು. ಅದೇ ವರ್ಷ ಇಂಡೋನೇಷ್ಯಾದಲ್ಲಿ ನೆಲ ಹೊತ್ತಿ ಉರಿಯಿತು.

ಈ ನೆಲಕ್ಕೆ ಪೀಟ್ ಎಂದು ಹೆಸರು. ಸದಾ ನೀರು ನಿಂತ ಜೌಗು ಕಾಡಿನಲ್ಲಿ ಉದುರಿದ ಎಲೆ, ಬೇರು, ದಿಮ್ಮಿಗಳಿಗೆ ಗಾಳಿ ಸಿಗದು. ಆದ್ದರಿಂದ ಅವು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಕೂಡುತ್ತ ಬರುತ್ತವೆ. ನೀರು ತುಂಬಿರುವವರೆಗೆ ಅದು ಒದ್ದೆ ಸ್ಪಂಜಿನಂತೆ. ಬೆಂಕಿ ಹತ್ತಿರ ಸುಳಿಯದು. ಕಾಲುವೆ ತೋಡಿ ನೀರನ್ನು ಬಸಿದರೆ ಅದೇ ಉರುವಲಾಗುತ್ತದೆ. ಪೂರ್ತಿ ಒಣಗಿದ ಪೀಟ್ ಮತ್ತೆ ಸುಲಭವಾಗಿ ನೀರು ಹೀರುವುದಿಲ್ಲ. ಬೆಂಕಿ ಬಿದ್ದರೆ ನೆಲದೊಳಗೆ ಬೇರಿನ ದಾರಿ ಹಿಡಿದು ಹರಿದು, ಇಲ್ಲಿ ಆರಿಸಿದ್ದು ಅಲ್ಲಿ ಮೇಲೇಳುತ್ತದೆ. ಬೆಂಕಿ ಬೀಳದಿದ್ದರೂ ಬಸಿದ ನೆಲ ವರ್ಷವರ್ಷವೂ ಕುಸಿಯುತ್ತ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ಅಲ್ಲಿ ನಡೆದ ದೊಡ್ಡ ತಪ್ಪು ಯಾವುದೆಂದು ನಿಮಗೇ ಹೊಳೆಯುತ್ತದೆ. 1995ರಲ್ಲಿ ಅಧ್ಯಕ್ಷ ಸುಹಾರ್ತೊ ಅವರು ಬೋರ್ನಿಯೋದ ಮಧ್ಯ ಕಾಲಿಮಂತಾನ್ ಪ್ರಾಂತದಲ್ಲಿ 10 ಲಕ್ಷ ಹೆಕ್ಟೇರ್, ಅಂದರೆ ಸುಮಾರು 25 ಲಕ್ಷ ಎಕರೆ ಜೌಗು ಪ್ರದೇಶವನ್ನು ಭತ್ತದ ಗದ್ದೆ ಮಾಡುವ ಯೋಜನೆಗೆ ಆಜ್ಞೆ ಹೊರಡಿಸಿದರು. 4,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆ ತೋಡಿದರು. ಜಾವಾದಿಂದ ಸಾವಿರಾರು ಕುಟುಂಬಗಳನ್ನು ತಂದು ನೆಲೆಗೊಳಿಸಿದರು. ಉದ್ದೇಶ ಒಳ್ಳೆಯದೇ, ದೇಶಕ್ಕೆ ಅಕ್ಕಿ ಬೇಕಿತ್ತು. ಆದರೆ ಮಣ್ಣು ಪರೀಕ್ಷೆಯ ಮಾತನ್ನು ಕೇಳಿದವರು ಕಡಿಮೆ. ಹುಳಿ ಮಣ್ಣಿನಲ್ಲಿ ಭತ್ತ ಏಳಲಿಲ್ಲ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಕಾಲುವೆಗಳು ಉಳಿದವು, ಹಗಲಿರುಳು ನೀರನ್ನು ಸೋರಿಸುತ್ತ.

1997ರಲ್ಲಿ ಎಲ್ ನಿನೋ ಬಂತು, ಬಸಿದ ನೆಲ ಹೊತ್ತಿತು. ಆ ಒಂದು ವರ್ಷ ಇಂಡೋನೇಷ್ಯಾದ ಪೀಟ್ ಮತ್ತು ಅದರ ಮೇಲಿನ ಕಾಡು ಸುಟ್ಟು ಗಾಳಿಗೆ ಸೇರಿದ ಇಂಗಾಲ 81 ಕೋಟಿಯಿಂದ 257 ಕೋಟಿ ಟನ್ ಎಂದು ವಿಜ್ಞಾನಿಗಳು 2002ರಲ್ಲಿ ಅಂದಾಜು ಕಟ್ಟಿದರು. 2015ರಲ್ಲಿ ಮತ್ತೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ವಿಶ್ವಬ್ಯಾಂಕಿನ ಲೆಕ್ಕದಂತೆ ನಷ್ಟ 1,610 ಕೋಟಿ ಡಾಲರ್. ಶಾಲೆಗಳು ಮುಚ್ಚಿದವು, ವಿಮಾನಗಳು ನಿಂತವು, ಹೊಗೆ ಸಿಂಗಪುರ, ಮಲೇಷ್ಯಾಗಳನ್ನೂ ಮುಸುಕಿತು. 5 ಲಕ್ಷಕ್ಕೂ ಹೆಚ್ಚು ಜನ ಉಸಿರಾಟದ ಕಾಯಿಲೆಗೆ ತುತ್ತಾದರು. ಎಲ್ಲರಿಗಿಂತ ಮೊದಲು ಹೊಗೆ ಕುಡಿದವರು ಆ ಕಾಲುವೆಗಳ ದಂಡೆಯ ಹಳ್ಳಿಗರು.

ಬೆಂಕಿಯಿಡುವವರು ಯಾರು? ಒಬ್ಬರನ್ನೇ ಬೊಟ್ಟು ಮಾಡಿ ತೋರಿಸುವುದು ನ್ಯಾಯವಲ್ಲ. ತಾಳೆ ತೋಟಕ್ಕೂ ಕಾಗದದ ಮರಕ್ಕೂ ನೆಲ ಹಸನು ಮಾಡುವ ಕಂಪನಿಗಳ ಜಮೀನಿನಿಂದ ಬೆಂಕಿ ಎದ್ದದ್ದುಂಟು. ಯಂತ್ರ ತರಲು ಹಣವಿಲ್ಲದ ಸಣ್ಣ ಹಿಡುವಳಿದಾರನ ಕೈಯಿಂದ ತಪ್ಪಿದ್ದೂ ಉಂಟು. ಒಡೆತನದ ತಕರಾರಿರುವ ಜಮೀನನ್ನು ತನ್ನದೆಂದು ಸಾಧಿಸಲು ಹಚ್ಚಿದ್ದೂ ಉಂಟು. ಆದರೆ ಕಿಡಿ ಯಾರದೇ ಆಗಿರಲಿ, ಒದ್ದೆ ನೆಲದಲ್ಲಿ ಅದು ಸಾಯುತ್ತದೆ, ಒಣ ನೆಲದಲ್ಲಿ ಊರನ್ನು ನುಂಗುತ್ತದೆ. ಆದ್ದರಿಂದ ಅಲ್ಲಿ ಬೆಂಕಿ ಆರಿಸುವ ಕೆಲಸ ಬೆಂಕಿ ಬೀಳುವ ಮೊದಲೇ ಆಗಬೇಕು, ನೀರು ನಿಲ್ಲಿಸುವ ಮೂಲಕ ಆಗಬೇಕು.

ಇದನ್ನು ಮೇಲಿನಿಂದ ಮಾಡಲಾಗದು. ಹೆಲಿಕಾಪ್ಟರಿನಿಂದ ಸುರಿದ ನೀರು ಜ್ವಾಲೆಯನ್ನು ತಗ್ಗಿಸಬಹುದು, ನೆಲದಾಳದ ಕಿಚ್ಚನ್ನು ಮುಟ್ಟುವುದು ಕಷ್ಟ. 2002ರಲ್ಲಿ ಸರ್ಕಾರ ‘ಮಂಗ್ಗಾಲ ಅಗ್ನಿ’ ಎಂಬ ಕಾಡುಬೆಂಕಿ ದಳವನ್ನು ಕಟ್ಟಿತು. ನಮ್ಮ ‘ಅಗ್ನಿ’ ಶಬ್ದವೇ ಅದರ ಹೆಸರಿನಲ್ಲಿದೆ. ಅವರು ಧೈರ್ಯಶಾಲಿಗಳು. ಆದರೆ ರಸ್ತೆಯಿಲ್ಲದ ಜೌಗಿನ ಮೂಲೆಗೆ ದಳ ತಲುಪುವಷ್ಟರಲ್ಲಿ ಬೆಂಕಿ ನೆಲದೊಳಗೆ ಇಳಿದಿರುತ್ತದೆ. ಮೊದಲ ಹೊಗೆಯನ್ನು ಕಾಣುವವನು ದೋಣಿಯಲ್ಲಿ ರಬ್ಬರ್ ಹಾಲು ತರಲು ಹೊರಟ ಊರಿನವನೇ.

ಹೀಗೆಂದೇ ಹಳ್ಳಿಗಳಲ್ಲಿ ‘ಮಸ್ಯಾರಕಾತ್ ಪೆದುಲಿ ಆಪಿ’, ಎಂದರೆ ಬೆಂಕಿಯ ಬಗ್ಗೆ ಕಾಳಜಿಯುಳ್ಳ ಜನ ಎಂಬ ತಂಡಗಳು ಹುಟ್ಟಿಕೊಂಡವು. ಬೇಸಗೆಯ ತಿಂಗಳುಗಳಲ್ಲಿ ಇವರು ಗಸ್ತು ತಿರುಗುತ್ತಾರೆ. ಹೊಗೆ ಕಂಡಲ್ಲಿಗೆ ಕೈಯಲ್ಲಿ ಹೊರುವಂಥ ಪಂಪ್ ಒಯ್ದು, ಮೊನೆಯುಳ್ಳ ಕೊಳವೆಯನ್ನು ನೆಲಕ್ಕೆ ಚುಚ್ಚಿ ಒಳಗೇ ನೀರು ಹಾಯಿಸುತ್ತಾರೆ. ಅದಕ್ಕೆ ನೀರು ಎಲ್ಲಿಂದ? 2015ರ ಅನಾಹುತದ ನಂತರ ಹಲವು ಕಡೆ ಪೀಟ್ ಪದರವನ್ನು ದಾಟಿ ಕೆಳಗಿನ ನೀರಿಗೆ ಇಳಿಸಿದ ಕೊಳವೆಬಾವಿಗಳನ್ನು ಕೊರೆದಿಟ್ಟರು.

ಇದಕ್ಕಿಂತ ಮುಖ್ಯವಾದದ್ದು ಒಡ್ಡು. ಬೋರ್ನಿಯೋದ ದಯಾಕ್ ಜನ ಇದನ್ನು ‘ತಾಬಾತ್’ ಎನ್ನುತ್ತಾರೆ. ಕಾಲುವೆಗೆ ಅಡ್ಡಲಾಗಿ ಎರಡು ಸಾಲು ಮರದ ಗೂಟ ಹೂಡಿ, ನಡುವೆ ಮಣ್ಣಿನ ಚೀಲ ತುಂಬುವುದು. ಹೆಚ್ಚಿನ ನೀರು ಹೋಗಲು ಸಣ್ಣ ಕೋಡಿ ಬಿಡುವುದು. ಒಂದೇ ಒಡ್ಡು ಸಾಲದು, ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಪೀಟ್ ನೆಲದಲ್ಲಿ ನೀರಿನ ಮಟ್ಟ ಮೇಲ್ಮೈಯಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದೆಂದು ಅಲ್ಲಿಯ ಸರ್ಕಾರ 2014ರಲ್ಲಿ ನಿಯಮ ಮಾಡಿತು. ನಮ್ಮ ಲೆಕ್ಕದಲ್ಲಿ ಅದು ಒಂದು ಮೊಳಕ್ಕಿಂತ ತುಸು ಕಡಿಮೆ. 2016ರ ಜನವರಿಯಲ್ಲಿ, 20 ಲಕ್ಷ ಹೆಕ್ಟೇರಿನಷ್ಟು ಪೀಟ್ ಪ್ರದೇಶವನ್ನು ಸರಿಪಡಿಸುವ ಗುರಿಯೊಡನೆ ಪ್ರತ್ಯೇಕ ಸಂಸ್ಥೆಯನ್ನೂ ಸ್ಥಾಪಿಸಿತು.

ಸುಮಾತ್ರದ ರಿಯಾವು ಪ್ರಾಂತದಲ್ಲಿ ಸುಂಗೈ ತೋಹೊರ್ ಎಂಬ ಹಳ್ಳಿಯಿದೆ. ಅಲ್ಲಿಯ ಜನ ಸಾಗೋ ಬೆಳೆಗಾರರು. ಸಾಗೋ ಒಂದು ಬಗೆಯ ತಾಳೆ. ಅದರ ಕಾಂಡದ ತಿರುಳಿನಿಂದ ಹಿಟ್ಟು ತೆಗೆಯುತ್ತಾರೆ. ಒದ್ದೆ ನೆಲವೇ ಅದಕ್ಕೆ ಬೇಕು. ಒಂದು ಕಂಪನಿಗೆ ಕೊಟ್ಟ ಜಮೀನಿನಲ್ಲಿ ಕಾಲುವೆ ತೋಡಿದ ಮೇಲೆ ಸುತ್ತಲ ನೆಲ ಒಣಗಿ, 2014ರ ಆರಂಭದಲ್ಲಿ ಬೆಂಕಿ ಹಬ್ಬಿತು. ಊರವರು ಸುಮ್ಮನೆ ಕೂಡಲಿಲ್ಲ. ಕಾಲುವೆಗೆ ಒಡ್ಡು ಕಟ್ಟುವ ಕೆಲಸಕ್ಕೆ ತಾವೇ ಇಳಿದರು, ದೇಶದ ಅಧ್ಯಕ್ಷರಿಗೆ ಮನವಿಯನ್ನೂ ಕಳಿಸಿದರು. ಆ ವರ್ಷ ನವೆಂಬರಿನಲ್ಲಿ ಅಧ್ಯಕ್ಷ ಜೋಕೊ ವಿಡೊಡೊ ಅವರು ಆ ಹಳ್ಳಿಗೇ ಬಂದು ಒಡ್ಡು ಕಟ್ಟಲು ಕೈಜೋಡಿಸಿದರು. ಇಲ್ಲಿ ಗಮನಿಸಬೇಕಾದ್ದು ಅಧ್ಯಕ್ಷರ ಭೇಟಿಯಲ್ಲ. ಒಡ್ಡಿನ ಹಿಂದೆ ಊರವರ ಬೆಳೆಯಿತ್ತು. ನೀರು ನಿಂತರೆ ಬೆಂಕಿಯೂ ದೂರ, ಸಾಗೋವೂ ಸೊಂಪು. ಇಂಥ ಒಡ್ಡಿಗೆ ಬೇರೆ ಕಾವಲುಗಾರ ಬೇಕಿಲ್ಲ.

ಎಲ್ಲೆಡೆಯೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಅನೇಕ ಹಳ್ಳಿಗಳಿಗೆ ಕಾಲುವೆಯೇ ರಸ್ತೆ. ದೋಣಿಯಲ್ಲೇ ಫಸಲು ಸಾಗಬೇಕು. ಕೇಳದೆ ಕಟ್ಟಿದ ಒಡ್ಡು ಅವರ ಪಾಲಿಗೆ ಬಾಗಿಲಿಗೆ ಹಾಕಿದ ಬೀಗ. ದೋಣಿ ದಾಟಿಸುವ ಜಾಗವನ್ನು ಮೊದಲೇ ಊರವರೊಡನೆ ಕುಳಿತು ಗೊತ್ತು ಮಾಡದಿದ್ದರೆ ಅಂಥ ಒಡ್ಡು ಹೆಚ್ಚು ದಿನ ಉಳಿಯದು. ಪಂಪಿನ ಕಥೆಯೂ ಅಷ್ಟೇ. ವಿಸ್ತರಣಾ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇದು: ತಮ್ಮದೆಂದು ತಿಳಿಯದ ಯಂತ್ರಕ್ಕೆ ಎಣ್ಣೆ ಹಾಕುವವರು ಇರುವುದಿಲ್ಲ. ಇಂಧನಕ್ಕೆ, ರಿಪೇರಿಗೆ, ಗಸ್ತಿನ ದಿನದ ಕೂಲಿಗೆ ಹಣವಿಲ್ಲದೆ ಬರಿಯ ಉಪಕರಣ ಹಂಚಿದರೆ ಅದು ತುಕ್ಕಿಗೆ ಕೊಟ್ಟ ದಾನ.

ಇನ್ನೊಂದು ನೋವಿನ ವಿಷಯ ಸುಡುವ ನಿಷೇಧ. ನಮ್ಮ ಮಲೆನಾಡಿನ ಕುಮರಿ ಬೇಸಾಯದಂತೆ ದಯಾಕ್ ಜನರೂ ತುಂಡು ಕಾಡು ಸವರಿ, ಸುಟ್ಟು, ಭತ್ತ ಬಿತ್ತುತ್ತ ಬಂದವರು. ಅದಕ್ಕೆ ಕಟ್ಟುಪಾಡುಗಳಿದ್ದವು. ಸುತ್ತ ಬೆಂಕಿಪಟ್ಟಿ ಸವರಬೇಕು, ನೆರೆಯವರಿಗೆ ತಿಳಿಸಬೇಕು, ಗಾಳಿ ನೋಡಬೇಕು, ಆರುವವರೆಗೆ ಕಾಯಬೇಕು. 2009ರ ಪರಿಸರ ಕಾಯ್ದೆಯೂ ಇಂಥ ಸ್ಥಳೀಯ ಪದ್ಧತಿಗೆ ಕುಟುಂಬಕ್ಕೆ 2 ಹೆಕ್ಟೇರಿನವರೆಗೆ ಅವಕಾಶ ಕೊಟ್ಟಿತ್ತು. 2015ರ ನಂತರ ಕಟ್ಟುನಿಟ್ಟು ಹೆಚ್ಚಿ, ಸಣ್ಣ ರೈತರ ಮೇಲೂ ಮೊಕದ್ದಮೆಗಳು ಬಿದ್ದವು. ಪಶ್ಚಿಮ ಕಾಲಿಮಂತಾನದ ಸಿಂತಾಂಗಿನಲ್ಲಿ ಆರು ಮಂದಿ ರೈತರನ್ನು 2020ರಲ್ಲಿ ನ್ಯಾಯಾಲಯ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಒಣಗಿದ ಪೀಟ್ ನೆಲದಲ್ಲಿ ಸುಡುವುದು ಯಾರಿಗೂ ತರವಲ್ಲ. ಅಲ್ಲಿ ಹಳೆಯ ಜಾಣ್ಮೆಯೂ ಸೋಲುತ್ತದೆ. ಆದರೆ ಸುಡಬೇಡ ಎಂದ ಸರ್ಕಾರ, ಸುಡದೆ ಬಿತ್ತುವ ದಾರಿಯನ್ನೂ ಅದಕ್ಕೆ ತಗಲುವ ಖರ್ಚನ್ನೂ ಜೊತೆಗೆ ಕೊಡಬೇಕು. ಇಲ್ಲದಿದ್ದರೆ ಕಾನೂನು ಬಡವನ ಒಲೆಯನ್ನು ಮಾತ್ರ ಆರಿಸುತ್ತದೆ.

ಹಾಗಾದರೆ ಏನು ಮಾಡಬೇಕು? ನಮ್ಮ ಅಭಿಪ್ರಾಯ ಮೂರು ಮಾತಿನದು. ಮೊದಲನೆಯದಾಗಿ, ಒದ್ದೆ ನೆಲದಿಂದ ಆದಾಯ ಬರಬೇಕು. ಸಾಗೋ, ಹಾಲು ಕೊಡುವ ಜೆಲುತೊಂಗ್ ಮರ, ಚಾಪೆ ಹೆಣೆಯುವ ಪುರುನ್ ಜೊಂಡು, ಜೌಗಿನ ಹೊಂಡಗಳ ಮೀನು, ಇವೆಲ್ಲ ನೀರಿದ್ದಲ್ಲೇ ಬರುವ ಬದುಕು. ಇವಕ್ಕೆ ಮಾರುಕಟ್ಟೆ ಬೇಕು. ಎರಡನೆಯದಾಗಿ, ಹಕ್ಕು ಬೇಕು. ‘ಊರ ಅರಣ್ಯ’ದ ಹೆಸರಿನಲ್ಲಿ ಹಳ್ಳಿಗೆ 35 ವರ್ಷಗಳ ನಿರ್ವಹಣಾ ಹಕ್ಕು ನೀಡುವ ವ್ಯವಸ್ಥೆ ಇಂಡೋನೇಷ್ಯಾದಲ್ಲಿದೆ, ಅದು ಪೀಟ್ ಹಳ್ಳಿಗಳಿಗೆ ತಡವಿಲ್ಲದೆ ತಲುಪಬೇಕು. ನಾಳೆ ಯಾರ ಪಾಲಾಗುವುದೋ ತಿಳಿಯದ ಕಾಡಿಗೆ ಇಂದು ಯಾರು ಕಾವಲು ಕೂಡುತ್ತಾರೆ? ಮೂರನೆಯದಾಗಿ, ದೊಡ್ಡ ಕಾಲುವೆಗಳ ಹೊಣೆ ತೋಡಿದವರದ್ದೇ. ಸರ್ಕಾರವೂ ಕಂಪನಿಗಳೂ ತಮ್ಮ ಕಾಲುವೆ ಮುಚ್ಚದೆ, ಹಳ್ಳಿಯ ಹುಡುಗರ ಕೈಗೆ ಪಂಪ್ ಕೊಟ್ಟು ‘ಸಮುದಾಯದ ಸಹಭಾಗಿತ್ವ’ ಎಂದರೆ ಅದು ಸಹಭಾಗಿತ್ವವಲ್ಲ, ಬಿಟ್ಟಿ ಚಾಕರಿ.

ನಮ್ಮ ಹಿರಿಯರಿಗೆ ಈ ಪಾಠ ಹೊಸದಲ್ಲ. ಕೆರೆಯ ತೂಬನ್ನು ನೀರುಗಂಟಿಯ ಕೈಗೆ ಕೊಟ್ಟಾಗ ಅವನಿಗೆ ಕೆಲಸವೊಂದನ್ನೇ ಕೊಡಲಿಲ್ಲ. ಕಣದಲ್ಲಿ ಪಾಲೂ ಕೊಟ್ಟರು, ಊರಿನಲ್ಲಿ ಮಾತೂ ಕೊಟ್ಟರು. ಆದ್ದರಿಂದಲೇ ಅವನು ನಡುರಾತ್ರಿ ಮಳೆಯಲ್ಲಿ ಎದ್ದು ಏರಿಯ ಮೇಲೆ ಓಡಿದ. ಸಾವಿರಾರು ಮೈಲಿ ಆಚೆ, ಮರದ ಗೂಟದ ಒಡ್ಡಿನ ಮೇಲೆ ನಿಂತ ರೈತನೂ ಕೇಳುತ್ತಿರುವುದು ಇಷ್ಟೇ. ಮುಂದಿನ ಎಲ್ ನಿನೋ ಬರುವ ಮೊದಲು ಅವನಿಗೆ ಆ ಪಾಲೂ ಆ ಮಾತೂ ಸಿಗಬೇಕು.