ಕೋಟೆಯಿಂದ ಜಗಲಿಗೆ ಇಳಿದ ಕತೆ

ಇಂಗ್ಲಿಷ್ ಕಾದಂಬರಿ ಓದುವವರಿಗೆ ಶ್ರೀರಂಗಪಟ್ಟಣ ಹೊಸ ಹೆಸರಲ್ಲ. ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಶುರುವಾಗುವುದೇ 1799ರ ಮೇ ತಿಂಗಳ ಕೋಟೆ ಮುತ್ತಿಗೆಯಿಂದ. ಅದರಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಕಾವಲಿದ್ದವರನ್ನು ಕೊಂದು ವಜ್ರ ಎತ್ತಿಕೊಂಡು ಹೋಗುತ್ತಾನೆ. ಉಳಿದದ್ದೆಲ್ಲ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಆ ವಜ್ರದ ಹುಡುಕಾಟ. ಫ್ರಾನ್ಸಿನ ಜೂಲ್ಸ್ ವರ್ನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮುದ್ರದಡಿಯ ಹಡಗಿನ ಒಡೆಯ ಕ್ಯಾಪ್ಟನ್ ನೆಮೊನನ್ನು ಟಿಪ್ಪುವಿನ ಸಂಬಂಧಿಕನನ್ನಾಗಿಯೇ ಮಾಡಿಬಿಟ್ಟ. ಎಲ್ಲರಿಗೂ ಬೇಕಾಗಿದ್ದದ್ದು ಕೋಟೆ, ಖಜಾನೆ, ಸುಲ್ತಾನ. ಕೋಟೆಯ ಪಕ್ಕದ ಗಂಜಾಂನಲ್ಲಿ ಅಂಗಡಿ ಇಟ್ಟವನೋ ಹತ್ತಿರದ ಹಿರೋಡೆಯಲ್ಲಿ ರಾಗಿ ಬೆಳೆದವನೋ ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲಿಗೆ ಮೈಸೂರು ಸೀಮೆಯವರು ತಾವೇ ಕತೆ ಬರೆಯಲು ಕೂತಾಗ ಏನಾಯಿತು ಎಂಬುದು ನನ್ನ ಕುತೂಹಲ. ಐತಿಹಾಸಿಕ ಕಾದಂಬರಿಗೆ ಕನ್ನಡದಲ್ಲಿ ಓದುಗರಿರಲಿಲ್ಲ ಎಂದಲ್ಲ. ಉತ್ತರದಲ್ಲಿ ಗಳಗನಾಥರು ಅದನ್ನೇ ಬರೆದು ಮನೆಮಾತಾದರು. ಇಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಒಂದು ತಲೆಮಾರಿಗೆ ಓದಿನ ರುಚಿ ಹಚ್ಚಿದರು. ಆದರೆ ಹೊಸದಾಗಿ ಹುಟ್ಟಿದ ಕತೆ ಕೋಟೆ ಬಿಟ್ಟು ಜಗಲಿಗೆ ಇಳಿಯಿತು. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಬಂದದ್ದು 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷವೇ. ಕತೆ ನಡೆಯುವುದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಾದರೂ ಪುಟ್ಟಣ್ಣನವರ ಗಮನವೆಲ್ಲ ಮನೆಯೊಳಗಿನ ಜಗಳ, ಹಟ, ಸಾಮಾನ್ಯ ಸಂಸಾರಗಳ ಬೇಗುದಿಯ ಮೇಲೆ. ಐದು ವರ್ಷದ ನಂತರ, 1920ರಲ್ಲಿ, ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಬಂತು.

ಇದೇ ಹೊತ್ತಿನಲ್ಲಿ ಇದೇ ದಾರಿ ಹಿಡಿದ ಇನ್ನೊಂದು ನಾಡು ಇತ್ತು. ಅದು ಯುರೋಪಿನ ಉತ್ತರದ ತುದಿಯಲ್ಲಿರುವ ಫಿನ್‌ಲ್ಯಾಂಡ್. ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಬಹುದು. ಎರಡರ ಸ್ಥಿತಿಯಲ್ಲೂ ಹೋಲಿಕೆ ಇದೆ, ಅದಕ್ಕೆ. ಫಿನ್‌ಲ್ಯಾಂಡ್ 1809ರಿಂದ 1917ರವರೆಗೆ ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದರೂ ತನ್ನದೇ ಆಡಳಿತ ಇಟ್ಟುಕೊಂಡಿತ್ತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದ ಮೇಲೆ ಮೈಸೂರೂ ಬ್ರಿಟಿಷರ ನೆರಳಿನಲ್ಲಿ ತನ್ನ ದಿವಾನರು, ತನ್ನ ಪ್ರಜಾಪ್ರತಿನಿಧಿ ಸಭೆ ಇಟ್ಟುಕೊಂಡಿತು. ಅಲ್ಲಿ ಕಚೇರಿಯ ಮತ್ತು ಓದಿದವರ ಭಾಷೆ ಸ್ವೀಡಿಷ್, ಇಲ್ಲಿ ಇಂಗ್ಲಿಷ್. ಕಚೇರಿಯಲ್ಲಿ ಫಿನ್ನಿಷ್‌ಗೂ ಸ್ವೀಡಿಷ್‌ನಷ್ಟೇ ಜಾಗ ಸಿಗಬೇಕೆಂಬ ಆಜ್ಞೆ ಹೊರಟದ್ದೇ 1863ರಲ್ಲಿ. ಹಾಗಾಗಿ ಆ ಭಾಷೆಯಲ್ಲಿ ಕತೆ ಬರೆದ ಮೊದಲ ತಲೆಮಾರಿಗೆ ಬರೆಯುವುದರ ಜೊತೆಗೆ ಗದ್ಯವನ್ನೂ ಕಟ್ಟಿಕೊಳ್ಳುವ ಕೆಲಸವಿತ್ತು. ಧಾರವಾಡದಲ್ಲಿ 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಕನ್ನಡ ತಲೆ ಎತ್ತುವ ಬಗೆಯನ್ನು ಕುರಿತು ಮಾತಾಡಿದಾಗ ಅವರ ಮುಂದಿದ್ದದ್ದೂ ಇಂಥದೇ ಚಿಂತೆ.

ಫಿನ್‌ಲ್ಯಾಂಡಿನ ಯುಹಾನಿ ಆಹೋ ಎಂಬವನ ‘ರೈಲುದಾರಿ’ ಎಂಬ ಸಣ್ಣ ಕಾದಂಬರಿ ಬಂದದ್ದು 1884ರಲ್ಲಿ. ಕಾಡಿನ ಅಂಚಿನಲ್ಲಿರುವ ಮತ್ತಿ, ಲೀಸಾ ಎಂಬ ಮುದುಕ ಮುದುಕಿಗೆ ರೈಲು ಬಂದಿದೆ ಎಂಬ ಸುದ್ದಿ ತಿಳಿಯುತ್ತದೆ. ಪುಸ್ತಕದ ಬಹುಪಾಲು ಅದನ್ನು ನೋಡಲು ಹೋಗಬೇಕೋ ಬೇಡವೋ ಎಂಬ ಗೊಣಗಾಟದಲ್ಲೇ ಕಳೆಯುತ್ತದೆ. ಕೊನೆಗೆ ಹೋಗಿ ಹತ್ತುತ್ತಾರೆ. ಮುದುಕ ಕುಡಿದು ಮಲಗಿ ಇಳಿಯಬೇಕಾದ ಜಾಗ ದಾಟಿಹೋಗುತ್ತದೆ. ಕತೆ ಅಷ್ಟೇ. ಸರಿಸುಮಾರು ಅದೇ ವರ್ಷಗಳಲ್ಲಿ ಬೆಂಗಳೂರಿನಿಂದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹಾದು ಮೈಸೂರಿಗೆ ರೈಲು ಬಂತು. ಅದನ್ನು ಮೊದಲ ಸಲ ಕಂಡ ಮುದುಕ ಮುದುಕಿಯರು ನಮ್ಮಲ್ಲೂ ಬೇಕಾದಷ್ಟಿದ್ದರು.

ರೈಲಿನ ಜಾಗದಲ್ಲಿ ಮಾಸ್ತಿಯವರು ಇಂಗ್ಲಿಷನ್ನು ಇಟ್ಟರು ಎನ್ನಬಹುದು. ಅವರ ಮೊದಮೊದಲ ಕತೆ ‘ರಂಗನ ಮದುವೆ’ಯಲ್ಲಿ ಹೊಸಹಳ್ಳಿಯ ಶಾನುಭೋಗರ ಮಗ ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಊರಿಗೆ ಬರುತ್ತಾನೆ. ಊರಿಗೆ ಊರೇ ಅವನ ಮನೆ ಮುಂದೆ ಸೇರುತ್ತದೆ. ಒಬ್ಬ ಮುದುಕಿ ಹತ್ತಿರ ಬಂದು ಅವನ ಎದೆ ಸವರಿ ಜನಿವಾರ ಇದೆಯೋ ಇಲ್ಲವೋ ನೋಡಿ, ಇದೆ ಎಂದು ಗೊತ್ತಾದ ಮೇಲೆ ಸಮಾಧಾನದಿಂದ ಹೊರಟುಹೋಗುತ್ತಾಳೆ. ಹುಡುಗ ಬದಲಾಗಿಲ್ಲವೆಂದು ತಿಳಿದ ಮೇಲೆ ಜನವೂ ಕರಗುತ್ತದೆ. ಹೊಸ ಕಾಲದ ಬಗ್ಗೆ ಮಾಸ್ತಿ ಭಾಷಣ ಮಾಡುವುದಿಲ್ಲ. ಒಂದು ಕೈ ಎದೆ ಸವರಿತು, ಅಷ್ಟರಲ್ಲಿ ಎಲ್ಲ ಹೇಳಿ ಮುಗಿಯಿತು. ಆಮೇಲೆ ಶ್ಯಾಮನೆಂಬ ನಿರೂಪಕ ಜೋಯಿಸರನ್ನು ಒಳಗೆ ಹಾಕಿಕೊಂಡು ಹುಡುಗನನ್ನು ಹನ್ನೊಂದು ವರ್ಷದ ಹುಡುಗಿಗೆ ಗಂಟು ಹಾಕುವ ಉಪಾಯ ಹೂಡುತ್ತಾನೆ. ಅದನ್ನು ಇಂದು ಓದುವಾಗ ನಗು ಬರುತ್ತದೆ, ಒಳಗೊಳಗೇ ಇರುಸುಮುರುಸೂ ಆಗುತ್ತದೆ.

ಈ ಕತೆಗಳನ್ನು ಬರೆದವರು ಯಾರು ಎಂಬುದನ್ನು ಗಮನಿಸಬೇಕು. ಪುಟ್ಟಣ್ಣನವರು ಅಮಲ್ದಾರರಾಗಿದ್ದವರು. ಮಾಸ್ತಿ ಮೈಸೂರು ಸಿವಿಲ್ ಸರ್ವಿಸ್‌ನ ಅಧಿಕಾರಿ. ಸರ್ಕೀಟು ಹೋದಲ್ಲೆಲ್ಲ ಅರ್ಜಿ, ತಕರಾರು, ಊರ ಸುದ್ದಿಗಳು ಅವರ ಕಿವಿಗೆ ಬೀಳುತ್ತಿದ್ದವು. ಕತೆಗೆ ಅದರಿಂದ ಲಾಭವೂ ಆಯಿತು, ಒಂದು ಮಿತಿಯೂ ಬಂತು. ಮಾಸ್ತಿಯವರ ‘ಮೊಸರಿನ ಮಂಗಮ್ಮ’ನನ್ನೇ ನೋಡಿ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವವಳು. ಮೊಮ್ಮಗನನ್ನು ಹೊಡೆದದ್ದಕ್ಕೆ ಸೊಸೆಯೊಡನೆ ಜಗಳವಾಗಿ ಬೇರೆ ಇದ್ದಾಳೆ. ಈ ಸಂಕಟವನ್ನೆಲ್ಲ ಅವಳು ವರ್ತನೆ ಮನೆಯ ಗೃಹಿಣಿಯ ಮುಂದೆ ತೋಡಿಕೊಳ್ಳುತ್ತಾಳೆ. ನಾವು ಕೇಳುವುದು ಆ ಗೃಹಿಣಿ ಹೇಳಿದಂತೆ. ಹಳ್ಳಿಯ ಹೆಂಗಸಿಗೆ ಬಾಯಿ ಇದೆ, ಕೇಳುವ ಮನೆ ಮಾತ್ರ ಪೇಟೆಯದು. ಮಾಸ್ತಿಯವರ ಕಿವಿ ಎಷ್ಟು ಸೂಕ್ಷ್ಮವೆಂದರೆ ಆ ಅಂತರ ನಮಗೆ ಕಾಣದೇ ಹೋಗುತ್ತದೆ. ಆದರೆ ಅದು ಇದೆ.

ಫಿನ್‌ಲ್ಯಾಂಡ್ ನಮ್ಮನ್ನು ಬಿಟ್ಟು ಬೇರೆ ದಾರಿ ಹಿಡಿದದ್ದು ಇಲ್ಲೇ. 1906ರಲ್ಲಿ ಅಲ್ಲಿ ಗಂಡು ಹೆಣ್ಣೆನ್ನದೆ, ಆಸ್ತಿ ಇದೆಯೋ ಇಲ್ಲವೋ ಕೇಳದೆ ವಯಸ್ಕರಿಗೆಲ್ಲ ಮತ ಕೊಟ್ಟರು. ಮರುವರ್ಷ ಚುನಾವಣೆ ನಡೆಯಿತು. ಇಲ್ಮಾರಿ ಕಿಯಾಂತೊ 1909ರಲ್ಲಿ ‘ಕೆಂಪು ಗೆರೆ’ ಬರೆದ. ಗುಡಿಸಲಲ್ಲಿ ಹಸಿದ ಬಡ ಗಂಡ ಹೆಂಡತಿ ಮತಪತ್ರದ ಮೇಲೆ ಕೆಂಪು ಗೆರೆ ಎಳೆದು ಬದುಕು ಬದಲಾಗುತ್ತದೆಂದು ಕಾಯುತ್ತಾರೆ. ಮಕ್ಕಳು ಸಾಯುತ್ತಾರೆ, ಗಂಡನನ್ನು ಕರಡಿ ಕೊಲ್ಲುತ್ತದೆ. ಹತ್ತು ವರ್ಷ ಕಳೆದು ಎಫ್.ಇ. ಸಿಲ್ಲನ್‌ಪಾ ಬರೆದ ಕಾದಂಬರಿಯ ನಾಯಕ, 1918ರ ಒಳಯುದ್ಧದಲ್ಲಿ ಗುಂಡಿಗೆ ಬಲಿಯಾಗುವ ಒಬ್ಬ ಗೇಣಿದಾರ. ಸಿಲ್ಲನ್‌ಪಾ ತಾನೂ ಬಡ ಕೃಷಿಕನ ಮಗ. ಅವನಿಗೆ ನೊಬೆಲ್ ಬಂದದ್ದು 1939ರಲ್ಲಿ. ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾದದ್ದೂ ಅದೇ ವರ್ಷ.

ನಮ್ಮ ಪ್ರಜಾಪ್ರತಿನಿಧಿ ಸಭೆ ಜಮೀನು, ಕಂದಾಯ, ಓದು ಇದ್ದವರ ಸಭೆ. ಗೇಣಿದಾರನಿಗೆ ಅಲ್ಲಿ ಕುರ್ಚಿ ಇರಲಿಲ್ಲ; ಬಹಳ ಕಾಲ ಕತೆಯ ನಡುಮನೆಯಲ್ಲೂ ಇರಲಿಲ್ಲ. ಕನ್ನಡದಲ್ಲಿ ಆ ಕೊರತೆ ತುಂಬಿದ್ದು ಕಾರಂತರ ‘ಚೋಮನ ದುಡಿ’, 1933ರಲ್ಲಿ. ಎತ್ತು ಇದ್ದೂ ಉಳುವ ಹಕ್ಕಿಲ್ಲದ ಚೋಮ ದಕ್ಷಿಣ ಕನ್ನಡದವನು, ಕಾವೇರಿ ಸೀಮೆಯವನಲ್ಲ.

ಹಾಗಾದರೆ ಶ್ರೀರಂಗಪಟ್ಟಣದ ಸುತ್ತಿನ ಈ ಸೀಮೆಯಲ್ಲಿ ಬರೆಯುವವರೇ ಇರಲಿಲ್ಲವೇ? ಇದ್ದರು, ಧಾರಾಳವಾಗಿ ಇದ್ದರು. ಬಿ.ಎಂ.ಶ್ರೀ. ಮನೆತನ ನಾಗಮಂಗಲದ ಬೆಳ್ಳೂರಿನದು, ಅವರು ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ಎ.ಎನ್. ಮೂರ್ತಿರಾಯರು ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನವರು, ಪು.ತಿ.ನ. ಮೇಲುಕೋಟೆಯವರು, ಕೆ.ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು. ಒಂದು ಜಿಲ್ಲೆಯ ಒಂದು ಮೂಲೆಗೆ ಇದು ಸಣ್ಣ ಸಂಪತ್ತಲ್ಲ. ಆದರೆ ಹೆಸರಾದದ್ದು ಕವಿತೆಯಲ್ಲಿ, ಪ್ರಬಂಧದಲ್ಲಿ. ಕಾದಂಬರಿಕಾರ ಅನ್ನಿಸಿಕೊಂಡವರು ಇವರಲ್ಲಿ ಯಾರೂ ಇಲ್ಲ. ಕತೆಯ ಹಂಬಲ ಇಲ್ಲಿ ಪದ್ಯದ ದಾರಿ ಹಿಡಿಯಿತು ಎಂಬುದು ನನ್ನ ಅನಿಸಿಕೆ. 1942ರ ‘ಮೈಸೂರು ಮಲ್ಲಿಗೆ’ಯನ್ನು ಸಾಲಾಗಿ ಓದಿದರೆ ಅತ್ತೆ ಮನೆ, ಮಾವ, ತವರಿಗೆ ಹೋದ ಹೆಂಡತಿ, ಶಾನುಭೋಗರ ಮಗಳು ಎಲ್ಲ ಸೇರಿ ಹಳ್ಳಿಯ ಒಂದು ಕಿರುಕಾದಂಬರಿಯೇ ಆಗುತ್ತದೆ. ಪು.ತಿ.ನ., ಮೂರ್ತಿರಾಯರ ಪ್ರಬಂಧಗಳಲ್ಲೂ ಕತೆಯಾಗಲು ಹೊರಟು ನಡುದಾರಿಯಲ್ಲಿ ಹರಟೆಗೆ ಕೂತ ಪುಟಗಳು ಸಾಕಷ್ಟಿವೆ. ಹೇಮಾವತಿಯ ಮೇಲ್ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಚಿತ್ರಗಳು’ ಬರೆದದ್ದು ಹೀಗೆಯೇ, ಪ್ರಬಂಧಕ್ಕೂ ಕತೆಗೂ ನಡುವೆ ನಿಂತು. ಆಹೋ ಕೂಡ ಇಂಥ ತುಣುಕು ಬರಹಗಳಿಗೆ ಹೆಸರಾದವನೇ.

ಈ ನಡುವೆ ನೆಲವೇ ಬದಲಾಗುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಹಳೇ ಕನ್ನಂಬಾಡಿ ಊರನ್ನು ನುಂಗಿತು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ರಾಗಿ ಹೊಲ ಕಬ್ಬು ಭತ್ತದ ಗದ್ದೆಯಾಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಒಬ್ಬ ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ವಸ್ತು ಸಿಗುವುದು ಕಷ್ಟ. ಆಹೋ ಇಲ್ಲಿದ್ದಿದ್ದರೆ ನಾಲೆಗೆ ಮೊದಲ ನೀರು ಬಿಟ್ಟ ದಿನ ನೋಡಲು ಹೊರಟ ಗಂಡ ಹೆಂಡಿರನ್ನು ಬಿಡುತ್ತಿರಲಿಲ್ಲ.

ಹಳೆಯ ಹಳ್ಳಿಯ ಬದುಕನ್ನು ಒಳಗಿನಿಂದ ಹೇಳುವ ದೊಡ್ಡ ಕಾದಂಬರಿ ಈ ಭಾಗಕ್ಕೆ ಸಿಕ್ಕಿದ್ದು ಬಹಳ ತಡವಾಗಿ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಹುಟ್ಟಿದ್ದು 1915ರಲ್ಲಿ, ಪುಟ್ಟಣ್ಣನವರ ಕಾದಂಬರಿ ಬಂದ ವರ್ಷ. ಜನಪದ ಗೀತೆಗಳನ್ನು ಊರೂರು ಸುತ್ತಿ ಕಲೆಹಾಕಿದ ಅವರೇ ‘ದೊಡ್ಡಮನೆ’ಯನ್ನೂ ಬರೆದರು. ಅವರೂ ಸರ್ಕಾರಿ ಅಧಿಕಾರಿಯೇ, ಐಎಎಸ್. ಆದರೆ ಈ ಸಲ ಅಧಿಕಾರಿ ಸರ್ಕೀಟಿನ ಮೇಲೆ ಹಳ್ಳಿಗೆ ಬಂದವರಲ್ಲ, ಆ ಹಳ್ಳಿಯಿಂದಲೇ ಕಚೇರಿಗೆ ಹೋದವರು.