ಝಡ್ ವೀಸಾ ಅಲ್ಲ ಅಂದ್ರೆ ವಿಮಾನ ಹತ್ಬೇಡಿ ಕಣ್ರೋ

1/7
ಉದ್ದ ಇದೆ. ಈಗ ಟೈಮ್ ಇಲ್ಲ ಅಂದ್ರೆ ಸೇವ್ ಮಾಡ್ಕೊಳ್ಳಿ, ಆದ್ರೆ ದುಡ್ಡು ಕಟ್ಟೋಕೆ ಮುಂಚೆ ಓದಿ.

ನಮ್ಮ ಎಂಎ ಇಂಗ್ಲಿಷ್ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೂರು ವಾರದಿಂದ ಒಂದೇ ಪೋಸ್ಟರ್ ಸುತ್ತಾಡ್ತಿದೆ. ಮೊದಲನೇ ಫೋಟೋ ಅದೇ. ಹೆಸರು, ನಂಬರ್ ಮಸುಕು ಮಾಡಿದ್ದೀನಿ. ಚೀನಾದಲ್ಲಿ ಇಂಗ್ಲಿಷ್ ಟೀಚರ್ ಕೆಲಸ, ತಿಂಗಳಿಗೆ 12,000 ಯುವಾನ್, ರೂಮು ಫ್ರೀ, ಅನುಭವ ಬೇಡ, ‘ಬಿಸಿನೆಸ್ ವೀಸಾ’ 20 ದಿನದಲ್ಲಿ ಗ್ಯಾರಂಟಿ. ಒಂದು ಯುವಾನ್‌ಗೆ ಸುಮಾರು 12 ರೂಪಾಯಿ ಅಂತ ಹಿಡಿದ್ರೆ ತಿಂಗಳಿಗೆ ಹತ್ತಿರಹತ್ತಿರ ಒಂದೂವರೆ ಲಕ್ಷ. ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಸಂಬಳ ಯಾವಾಗ ಬರುತ್ತೋ ಅಂತ ತಿಂಗಳುಗಟ್ಟಲೆ ಖಾತೆ ನೋಡ್ತಾ ಕೂತವರಿಗೆ ಈ ಅಂಕಿ ಏನು ಮಾಡುತ್ತೆ ಅಂತ ನನಗೆ ಗೊತ್ತು. ಏಜೆಂಟಿಗೂ ಗೊತ್ತು.

ಗ್ರೂಪಲ್ಲಿ ಇಬ್ಬರು ಆಗಲೇ ಅಡ್ವಾನ್ಸ್ ಕಟ್ಟಿದ್ದಾರೆ. ಇನ್ನೊಬ್ಬನ ಅಮ್ಮ ಬಳೆ ಅಡ ಇಡೋಕೆ ಸೊಸೈಟಿಗೆ ಹೋಗೋರಿದ್ದಾರೆ. ಅದಕ್ಕೇ ಈ ಸರಣಿ.

ಚೀನಾಗೆ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ತಯಾರಿ ಮಾಡ್ತಿದ್ದೀನಿ. ಎರಡನೇ ಫೋಟೋದಲ್ಲಿರೋ ಫೈಲ್ ನನ್ನದೇ. ಡಿಗ್ರಿ, 120 ಗಂಟೆಯ ಟೆಫಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಸೇವೆಯಿಂದ ತಗೊಂಡ ಪೊಲೀಸ್ ಕ್ಲಿಯರೆನ್ಸ್, ಎಲ್ಲ ಇದೆ. ನಾನು ಹೇಳ್ತಿರೋದು ಇಷ್ಟೇ: ಝಡ್ ವೀಸಾ ಅಲ್ಲದೆ ಬೇರೆ ಯಾವುದನ್ನ ಕೊಟ್ರೂ ಅವರು ನಿಮಗೆ ಕೆಲಸ ಕೊಡ್ತಿಲ್ಲ. ನಿಮ್ಮ ಕೈಯಲ್ಲಿ ದುಡ್ಡು ಕೊಡಿಸಿ ನಿಮ್ಮನ್ನ ತಪ್ಪಿತಸ್ಥರಾಗಿ ಮಾಡ್ತಿದ್ದಾರೆ.

2/7
ಚೀನಾದ ವೀಸಾಗಳಿಗೆ ಒಂದೊಂದು ಅಕ್ಷರ. ಪ್ರವಾಸಕ್ಕೆ ಎಲ್, ವ್ಯಾಪಾರಕ್ಕೆ ಎಂ, ಓದೋಕೆ ಎಕ್ಸ್, ದುಡಿಯೋಕೆ ಝಡ್. ಪೋಸ್ಟರಿನ ‘ಬಿಸಿನೆಸ್ ವೀಸಾ’ ಅಂದ್ರೆ ಎಂ. ಅದು ಸರಕು ನೋಡೋಕೆ, ವ್ಯಾಪಾರದ ಮಾತುಕತೆಗೆ ಹೋಗೋರದ್ದು. ಅದರಲ್ಲಿ ಹೋಗಿ ಎಬಿಸಿಡಿ ಕಲಿಸಿದ್ರೆ ಅಲ್ಲಿನ ಕಾನೂನಿನ ಕಣ್ಣಲ್ಲಿ ಅಕ್ರಮ ಉದ್ಯೋಗ.

ಝಡ್ ಬರೋ ದಾರಿಯೇ ಬೇರೆ. ನಿಮ್ಮನ್ನ ಕರೆಸ್ಕೊಳ್ಳೋ ಶಾಲೆ ಅಲ್ಲಿನ ಸರ್ಕಾರಕ್ಕೆ ಅರ್ಜಿ ಹಾಕಿ, ವಿದೇಶಿಯರ ಕೆಲಸದ ಪರವಾನಗಿಯ ನೋಟಿಫಿಕೇಶನ್ ಪತ್ರ ತರಿಸಿ ನಿಮಗೆ ಕಳಿಸ್ಬೇಕು. ಆ ಪತ್ರ ಇಟ್ಕೊಂಡು ನೀವು ಇಲ್ಲಿಂದ ಝಡ್‌ಗೆ ಅರ್ಜಿ ಹಾಕ್ತೀರಿ. ಅಲ್ಲಿ ಇಳಿದ 30 ದಿನದೊಳಗೆ ವಾಸದ ಪರ್ಮಿಟ್‌ಗೆ ಅರ್ಜಿ. ಹೋಟೆಲ್ ಬಿಟ್ಟು ಬೇರೆ ಮನೇಲಿ ಇಳ್ಕೊಂಡ್ರೆ 24 ಗಂಟೆಯೊಳಗೆ ಪೊಲೀಸರ ಹತ್ತಿರ ವಿಳಾಸ ನೋಂದಣಿ. ಅಂದ್ರೆ ಯಾವ ರೂಮಲ್ಲಿ ಯಾವ ಅಕ್ಷರದ ವೀಸಾದವರು ಮಲಗಿದ್ದಾರೆ ಅಂತ ಠಾಣೆಗೆ ಮೊದಲಿಂದಲೇ ಗೊತ್ತಿರುತ್ತೆ. ‘ಯಾರಿಗೂ ಗೊತ್ತಾಗಲ್ಲ’ ಅನ್ನೋ ಏಜೆಂಟ್ ಚೀನಾ ನೋಡಿಲ್ಲ, ಇಲ್ಲಾ ನಿಮ್ಮನ್ನ ನೋಡಿದ್ದಾನೆ.

2013ರ ಜುಲೈಯಲ್ಲಿ ಜಾರಿಗೆ ಬಂದ ಅವರ ಪ್ರವೇಶ-ನಿರ್ಗಮನ ಕಾನೂನಿನ 80ನೇ ಕಲಂ ನೋಡಿ. ಅಕ್ರಮವಾಗಿ ದುಡಿದ ವಿದೇಶಿಗೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರ ಅಂತ ಕಂಡ್ರೆ ದಂಡದ ಜೊತೆ 5ರಿಂದ 15 ದಿನ ಬಂಧನ. ದೇಶದಿಂದ ವಾಪಸ್ ಕಳಿಸಿದ್ರೆ 1ರಿಂದ 5 ವರ್ಷ ಮತ್ತೆ ಒಳಗೆ ಬಿಡಲ್ಲ. ಕೆಲಸಕ್ಕೆ ಇಟ್ಕೊಂಡವರಿಗೂ ಒಬ್ಬೊಬ್ಬ ವಿದೇಶಿಗೆ 10,000 ಯುವಾನ್ ದಂಡ ಇದೆ. ಮಧ್ಯವರ್ತಿಗೂ ಇದೆ, ಆದ್ರೆ ನಿಮ್ಮ ಮಧ್ಯವರ್ತಿ ಬೆಂಗಳೂರಲ್ಲಿ ಎಸಿ ಹಾಕ್ಕೊಂಡು ಕೂತಿರ್ತಾನಲ್ಲ, ಅವನನ್ನ ಹುಡುಕ್ಕೊಂಡು ಶೆಂಜೆನ್ ಪೊಲೀಸ್ ಬರಲ್ಲ.

ದಂಡಕ್ಕಿಂತ ದೊಡ್ಡ ಕುತ್ತು ಬೇರೆ. ಮೂರನೇ ತಿಂಗಳ ಸಂಬಳ ಕೊಡಲಿಲ್ಲ ಅನ್ಕೊಳ್ಳಿ. ಪರವಾನಗಿ ಇಲ್ಲದ ವಿದೇಶಿ ಮತ್ತು ಕಂಪನಿಯ ನಡುವೆ ಉದ್ಯೋಗ ಸಂಬಂಧ ಇತ್ತು ಅಂತ ಅಲ್ಲಿನ ಕೋರ್ಟುಗಳು ಒಪ್ಪಲ್ಲ. ದೂರು ಕೊಡೋಕೆ ಹೋದವರೇ ಮೊದಲ ಆರೋಪಿ. ಸೆಂಟರ್ ಮಾಲೀಕನಿಗೆ ಇದು ಚೆನ್ನಾಗಿ ಗೊತ್ತು. ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ ಅಂತ ಇಸ್ಕೊಂಡ್ರೂ, ವಾರಕ್ಕೆ ಇನ್ನೂ ಹತ್ತು ಪೀರಿಯಡ್ ಸೇರಿಸಿದ್ರೂ, ನಿಮ್ಮ ಬಾಯಿ ಕಟ್ಟಿರುತ್ತೆ.

3/7
ಆದ್ರೆ ಎಂಎ ಮಾಡಿದವರಿಗೆ ಝಡ್ ಯಾಕೆ ಸುಲಭವಾಗಿ ಸಿಗಲ್ಲ? ಇಲ್ಲಿ ನನಗೆ ಸಿಟ್ಟಿರೋದು ಏಜೆಂಟ್ ಮೇಲಲ್ಲ, ನಿಯಮದ ಮೇಲೆ.

2017ರಿಂದ ಚೀನಾ ವಿದೇಶಿ ನೌಕರರನ್ನ ಎ, ಬಿ, ಸಿ ಅಂತ ವಿಂಗಡಿಸುತ್ತೆ. ಭಾಷಾ ಶಿಕ್ಷಕರು ಸಾಮಾನ್ಯವಾಗಿ ಬಿ. ಅವರು ತಮ್ಮ ಮಾತೃಭಾಷೆಯನ್ನೇ ಕಲಿಸ್ಬೇಕು, ಪದವಿ ಪಡೆದಿರಬೇಕು, ಎರಡು ವರ್ಷದ ಅನುಭವ ಬೇಕು ಅನ್ನೋದು ಮೂಲ ನಿಯಮ. ಶಿಕ್ಷಣ ಅಥವಾ ಭಾಷೆಯ ಪದವಿ ಇದ್ರೆ, ಟೆಫಲ್‌ನಂಥ ಸರ್ಟಿಫಿಕೇಟ್ ಇದ್ರೆ ಅನುಭವಕ್ಕೆ ವಿನಾಯಿತಿ ಉಂಟು. ನಾವು ಫೀಸ್ ಕಟ್ಟಿ ಟೆಫಲ್ ಮಾಡಿದ್ರೆ ಸಿಗೋದು ಆ ವಿನಾಯಿತಿ ಮಾತ್ರ. ಮಾತೃಭಾಷೆಯ ಗೋಡೆ ಹಾಗೇ ಇರುತ್ತೆ. ಟೆಫಲ್ ಕೋರ್ಸ್ ಮಾರೋರು ಇದನ್ನ ಹೇಳಲ್ಲ.

ಮಾತೃಭಾಷೆ ಯಾವುದು ಅಂತ ಯಾರು ಕೇಳ್ತಾರೆ? ಯಾರೂ ಕೇಳಲ್ಲ. ಪಾಸ್‌ಪೋರ್ಟ್ ನೋಡ್ತಾರೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಈ ಏಳರಲ್ಲಿ ಒಂದಿದ್ರೆ ಬಾಗಿಲು ತೆರೆಯುತ್ತೆ.

ಕೊನೇ ಹೆಸರು ಗಮನಿಸಿ. ದಕ್ಷಿಣ ಆಫ್ರಿಕಾದ 2011ರ ಜನಗಣತಿ ಪ್ರಕಾರ ಅಲ್ಲಿ ಇಂಗ್ಲಿಷ್ ಮೊದಲ ಭಾಷೆಯಾಗಿರೋರು ನೂರಕ್ಕೆ ಹತ್ತು ಜನವೂ ಇಲ್ಲ. ಮನೇಲಿ ಜುಲು ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್ ಕಲಿತ ಒಬ್ಬ ಟೀಚರ್ ಆ ಪಾಸ್‌ಪೋರ್ಟಿನ ಬಲದ ಮೇಲೆ ಹೋಗಬಹುದು. ಒಳ್ಳೇದಾಗಲಿ ಅವರಿಗೆ, ಅವರು ನಮ್ಮ ಥರದವರೇ. ಅದೇ ವರ್ಷ ನಮ್ಮ ಜನಗಣತಿಯಲ್ಲಿ ಇಂಗ್ಲಿಷೇ ಮಾತೃಭಾಷೆ ಅಂತ ಬರೆಸಿದವರು ಸುಮಾರು 2.6 ಲಕ್ಷ ಜನ. ಬೆಂಗಳೂರಿನ ಕುಕ್ ಟೌನಲ್ಲಿ ಹುಟ್ಟಿ, ಅಜ್ಜಿ ಕಾಲದಿಂದ ಮನೇಲಿ ಇಂಗ್ಲಿಷ್ ಬಿಟ್ಟು ಬೇರೆ ಆಡದ ಆಂಗ್ಲೋ ಇಂಡಿಯನ್ ಹುಡುಗಿ ಅರ್ಜಿ ಹಾಕಿದ್ರೆ? ಅಶೋಕ ಚಕ್ರದ ಮೇಲಿನ ಸಿಂಹ ನೋಡಿ ಪಕ್ಕಕ್ಕೆ ಇಡ್ತಾರೆ. ಇದರಲ್ಲಿ ಭಾಷೆ ಎಲ್ಲಿದೆ?

ಇದನ್ನೆಲ್ಲ ನಾವು ಪರೀಕ್ಷೆಯಲ್ಲಿ ಬರೆದಿದ್ದೀವಿ ಮಾರಾಯ್ರೇ! ಬ್ರಜ್ ಕಚ್ರು 1985ರಲ್ಲಿ ಹಾಕಿದ ಮೂರು ವೃತ್ತ: ಒಳವೃತ್ತದಲ್ಲಿ ಬ್ರಿಟನ್-ಅಮೆರಿಕ, ಹೊರವೃತ್ತದಲ್ಲಿ ನಾವು, ಹಬ್ಬುತ್ತಿರುವ ವೃತ್ತದಲ್ಲಿ ಚೀನಾ. ರಾಬರ್ಟ್ ಫಿಲಿಪ್ಸನ್ 1992ರ ಪುಸ್ತಕದಲ್ಲಿ, ನೇಟಿವ್ ಸ್ಪೀಕರೇ ಆದರ್ಶ ಶಿಕ್ಷಕ ಅನ್ನೋದು ಭ್ರಮೆ ಅಂತ ವಾದಿಸಿದ್ದು. ಹತ್ತು ಮಾರ್ಕಿನ ಪ್ರಶ್ನೆ. ಉತ್ತರ ಬರೆದು ಪಾಸಾಗಿ, ಈಗ ಆ ಭ್ರಮೆಯ ಗೇಟಲ್ಲಿ ನಿಂತಿದ್ದೀವಿ.

ಇನ್ನೂ ತಮಾಷೆ ಅಂದ್ರೆ ಚೀನಾದ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತಿರೋರೇ ನೇಟಿವ್ ಅಲ್ಲದವರು. 2001ರ ನೀತಿಯಿಂದ ಅಲ್ಲಿ ಮೂರನೇ ತರಗತಿಗೆ ಇಂಗ್ಲಿಷ್ ಶುರು. ಗಾವ್‌ಕಾವ್ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಯ 750 ಅಂಕದಲ್ಲಿ 150 ಇಂಗ್ಲಿಷ್‌ಗೆ. ಆ 150ಕ್ಕೆ ಮಕ್ಕಳನ್ನ ತಯಾರು ಮಾಡೋದು ಊರೂರಿನ ಚೀನೀ ಟೀಚರ್‌ಗಳು. ವಿದೇಶಿ ಟೀಚರ್ ಎಷ್ಟೋ ಕಡೆ ಸೆಂಟರಿನ ಬ್ಯಾನರಿಗೆ ಬೇಕಾದ ಮುಖ. ಏಜೆಂಟ್ ನನಗೇ ಫೋನಲ್ಲಿ ಹೇಳಿದ್ದು: ಪೇರೆಂಟ್ಸ್ ಕೇಳಿದ್ರೆ ಲಂಡನ್‌ನಲ್ಲಿ ಹುಟ್ಟಿದ್ದು ಅನ್ನಿ. ಹಾಸನದಲ್ಲಿ ಹುಟ್ಟಿದ್ದಕ್ಕೆ ನಾಚ್ಕೊಳ್ಳೋಕೆ ನಾನೇ ಅವನಿಗೆ ಫೀಸ್ ಕೊಡ್ಬೇಕಂತೆ.

4/7
ಚೀನಾನ ಮಾತ್ರ ಬೈದ್ರೆ ಅರ್ಧ ಸತ್ಯ. ನಮ್ಮ ಊರಿನ ಸ್ಪೋಕನ್ ಇಂಗ್ಲಿಷ್ ಸೆಂಟರಿನ ಬೋರ್ಡ್ ನೋಡಿ (ಐದನೇ ಫೋಟೋ). ಯಾರ ಮುಖ ಇದೆ? ಇಂಟರ್ನೆಟ್ಟಿಂದ ಇಳಿಸ್ಕೊಂಡ ಬಿಳಿ ಮುಖ. ಕನ್ನಡ ಮೀಡಿಯಮ್ಮಿಂದ ಬಂದವರು ಸೆಮಿನಾರಲ್ಲಿ ಪೇಪರ್ ಓದುವಾಗ ಒಂದು ಉಚ್ಚಾರ ತಪ್ಪಿದ್ದಕ್ಕೆ ಹಿಂದಿನ ಬೆಂಚಲ್ಲಿ ಕಿಸಕ್ ಅಂದವರು ಯಾರು? ಆ ನಗು ಮತ್ತು ಆ ಪಾಸ್‌ಪೋರ್ಟ್ ಪಟ್ಟಿ ಅಣ್ಣತಮ್ಮಂದಿರು.

5/7
‘ನಿಯಮ ಅನ್ಯಾಯ ತಾನೇ? ಹಾಗಾದ್ರೆ ಮುರಿದ್ರೆ ಏನು?’ ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೇ ಪ್ರಶ್ನೆ. ಅನ್ಯಾಯದ ನಿಯಮ ಮುರಿಯೋರು ಎದೆ ತೋರಿಸಿ ಮುರೀತಾರೆ. ಎಂ ವೀಸಾದಲ್ಲಿ ಹೋಗೋರು ಬಚ್ಚಿಟ್ಕೊಂಡು ಬದುಕ್ತಾರೆ. ಅದರಿಂದ ನಿಯಮಕ್ಕೆ ಒಂದು ಗೀರೂ ಬೀಳಲ್ಲ. ಕಡಿಮೆ ಸಂಬಳಕ್ಕೆ, ಹಕ್ಕು ಕೇಳದೆ ದುಡಿಯೋ ಜನ ಸಿಗ್ತಾರೆ ಅಂತ ಸೆಂಟರ್‌ಗಳಿಗೆ ಖುಷಿ, ಅಷ್ಟೇ.

ಮತ್ತೆ, ಎಂಥಾ ಸೆಂಟರ್‌ಗಳು? 2021ರ ಜುಲೈನಲ್ಲಿ ಚೀನಾ ‘ಶುವಾಂಗ್‌ಜಿಯೆನ್’ ಅಂದ್ರೆ ಜೋಡಿ ಕಡಿತದ ನೀತಿ ತಂತು. ಹೋಂವರ್ಕ್ ಕಡಿತ, ಟ್ಯೂಷನ್ ಕಡಿತ. ಒಂಬತ್ತನೇ ತರಗತಿವರೆಗೆ ಪಠ್ಯವಿಷಯಗಳ ಟ್ಯೂಷನ್‌ನಲ್ಲಿ ಲಾಭ ಮಾಡೋ ಹಾಗಿಲ್ಲ, ಇಂಗ್ಲಿಷ್ ಅದರಲ್ಲಿ ಸೇರಿದೆ. ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ನೇ ಇಲ್ಲ. ಹೊರದೇಶದಲ್ಲಿ ಕೂತು ಆನ್‌ಲೈನಲ್ಲಿ ಚೀನೀ ಮಕ್ಕಳಿಗೆ ಕಲಿಸ್ತಿದ್ದ ಅಮೆರಿಕದವರ ಕೆಲಸವೂ ಹೋಯ್ತು, ವಿಐಪಿಕಿಡ್ ಆ ವ್ಯವಹಾರ ಮುಚ್ಚಿತು.

ಯೂ ಮಿನ್‌ಹೊಂಗ್ ಕಥೆ ಕೇಳಿ. ರೈತರ ಮನೆ ಹುಡುಗ, ಗಾವ್‌ಕಾವ್‌ನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪೀಕಿಂಗ್ ವಿಶ್ವವಿದ್ಯಾಲಯ ಸೇರಿ ಇಂಗ್ಲಿಷ್ ಓದಿದವರು. 1993ರಲ್ಲಿ ನ್ಯೂ ಓರಿಯೆಂಟಲ್ ಅನ್ನೋ ಟ್ಯೂಷನ್ ಕಂಪನಿ ಕಟ್ಟಿ ದೇಶದ ದೊಡ್ಡ ಹೆಸರಾದ್ರು. ಆ ನೀತಿ ಬಂದ ಮೇಲೆ ಸುಮಾರು 60,000 ಜನರನ್ನ ಕೆಲಸದಿಂದ ಬಿಡ್ಬೇಕಾಯ್ತು ಅಂತ 2022ರ ಶುರುವಿನಲ್ಲಿ ಅವರೇ ಹೇಳ್ಕೊಂಡ್ರು. ಕಂಪನಿ ಲೈವ್‌ನಲ್ಲಿ ದಿನಸಿ ಮಾರೋಕೆ ಇಳೀತು. ಅದರ ಇಂಗ್ಲಿಷ್ ಟೀಚರ್ ಡಾಂಗ್ ಯೂಹುಯಿ ಅಕ್ಕಿ, ಮಾಂಸ ಮಾರ್ತಾ ಪಕ್ಕದ ಬೋರ್ಡಲ್ಲಿ ಇಂಗ್ಲಿಷ್ ಪದ ಬರೆದು ವಿವರಿಸ್ತಿದ್ದ ವಿಡಿಯೋ ಆ ಜೂನ್‌ನಲ್ಲಿ ಚೀನಾ ತುಂಬ ಓಡಾಡ್ತು. ಚೆಂದದ ವಿಡಿಯೋ, ನಿಜ. ಆದ್ರೆ ನೋಡುವಾಗ ನೆನಪಿರಲಿ, ಅದು ಕೆಲಸ ಕಳ್ಕೊಂಡ ಒಂದು ವೃತ್ತಿಯ ವಿಡಿಯೋ.

ಇಷ್ಟಾದ ಮೇಲೂ ‘ಅನುಭವ ಬೇಡ, ಎಂ ವೀಸಾ ಸಾಕು’ ಅಂತ ಜನ ಹುಡುಕ್ತಿರೋರು ಯಾರು ಅಂತ ಯೋಚಿಸಿ. ಪರವಾನಗಿ ಇರೋ ಶಾಲೆಗೆ ಝಡ್ ಕೊಡಿಸೋದು ಮಾಮೂಲಿ ಕೆಲಸ. ಎಂ ಬೇಕಾಗೋದು ಪರವಾನಗಿ ಇಲ್ಲದವರಿಗೆ. ರೇಡ್ ಆದ ದಿನ ಅವರು ಬೋರ್ಡ್ ಇಳಿಸಿ ಇನ್ನೊಂದು ಬೀದಿಗೆ ಹೋಗ್ತಾರೆ. ನೀವು ಎಲ್ಲಿಗೆ ಹೋಗ್ತೀರಿ?

6/7
‘ಅಲ್ಲಿ ಹೋದ ಮೇಲೆ ಕನ್ವರ್ಟ್ ಮಾಡಿಸ್ತಾರೆ.’ ಕೆಲವು ವರ್ಗದವರಿಗೆ ಒಳಗಿದ್ದೇ ಬದಲಾಯಿಸೋ ಅವಕಾಶ ಉಂಟು. ಆದ್ರೆ ಅರ್ಹತೆ ಅದೇ! ಇಲ್ಲಿಂದ ಸಿಗದ ಪರವಾನಗಿ ವಿಮಾನ ಹತ್ತಿದ ತಕ್ಷಣ ಸಿಗೋಕೆ ನಿಮ್ಮ ಪಾಸ್‌ಪೋರ್ಟ್ ದಾರೀಲಿ ಬದಲಾಗಲ್ವಲ್ಲ.

ಇನ್ನು ಏಜೆಂಟ್ ಫೀಸ್. ಇದು ನಮ್ಮ ದೇಶದ ಕಾನೂನು, ಇದಕ್ಕೆ ಚೈನೀಸ್ ಬರಬೇಕಿಲ್ಲ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸೋ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರ್ಲೇಬೇಕು. ನೋಂದಣಿ ಆದವರೂ ನಿಮ್ಮಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಪಟ್ಟಿ ಇ-ಮೈಗ್ರೇಟ್ ತಾಣದಲ್ಲಿದೆ, ಫೋನಲ್ಲೇ ನೋಡಬಹುದು. ನನಗೆ ಫೋನ್ ಮಾಡಿದವನು ಕೇಳಿದ್ದು ಎರಡೂವರೆ ಲಕ್ಷ. ಲೈಸೆನ್ಸ್ ನಂಬರ್ ಕೇಳಿದೆ. ‘ನಾವು ಎಜುಕೇಶನ್ ಕನ್ಸಲ್ಟೆನ್ಸಿ ಮೇಡಂ, ನಮಗೆ ಅದೆಲ್ಲ ಬರಲ್ಲ’ ಅಂದ. ಕೆಲಸಕ್ಕೆ ಕಳಿಸೋಕೆ ಬರುತ್ತೆ, ಲೈಸೆನ್ಸ್ ಮಾತ್ರ ಬರಲ್ಲ.

7/7
ಹಾಗಾದ್ರೆ ದಾರಿಯೇ ಇಲ್ವಾ? ಇದೆ, ಕಿರಿದು. ಇಂಗ್ಲಿಷ್ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಕಲಿಸೋ ಭಾರತೀಯರು ಅಲ್ಲಿನ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಝಡ್ ಮೇಲೇ ಇದ್ದಾರೆ. ವಿಷಯ ಶಿಕ್ಷಕರಿಗೆ ಮಾತೃಭಾಷೆಯ ಆ ಷರತ್ತು ಬರಲ್ಲ. ಬಿಎಸ್ಸಿ, ಬಿಎಡ್ ಆಗಿರೋ ಜೂನಿಯರ್‌ಗಳೇ, ನಿಮಗೆ ನಮಗಿಂತ ಚಾನ್ಸ್ ಜಾಸ್ತಿ. ನಾನು ನೇರವಾಗಿ ಶಾಲೆಗಳಿಗೇ ಬರೀತಿದ್ದೀನಿ. ಏಳು ಶಾಲೆ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ ಸುಮ್ಮನಾಗಿವೆ. ಎಂಟನೆಯದು ಸಮಾಜ ವಿಜ್ಞಾನಕ್ಕೆ ಡೆಮೊ ಕ್ಲಾಸ್ ಕೇಳಿದೆ. ಸಿಕ್ಕಿದ್ರೆ ಹೋಗ್ತೀನಿ, ಇಲ್ಲಾಂದ್ರೆ ಮತ್ತೆ ಬರೀತೀನಿ.

ಅಡ್ವಾನ್ಸ್ ಕಟ್ಟಿರೋ ಇಬ್ಬರಿಗೆ: ನಾಳೆಯೇ ಏಜೆಂಟಿಗೆ ಮೆಸೇಜ್ ಹಾಕಿ, ಕಾಲ್ ಬೇಡ, ಬರಹದಲ್ಲಿ ಇರಲಿ. ಶಾಲೆಯ ಪೂರ್ತಿ ಹೆಸರು ಚೀನೀ ಲಿಪಿಯಲ್ಲಿ ಕೊಡಿ ಅನ್ನಿ. ಕೆಲಸದ ಪರವಾನಗಿಯ ನೋಟಿಫಿಕೇಶನ್ ಪತ್ರ ಯಾವತ್ತು ಬರುತ್ತೆ ಅನ್ನಿ. ರಸೀದಿ ಕೇಳಿ. ನನಗೆ ಡಿಎಂ ಮಾಡಿದ್ರೆ ದೂರು ಬರೆಯೋಕೆ ಜೊತೆಗೆ ಕೂರ್ತೀನಿ, ಮನೇಲಿ ಮಾತಾಡ್ಬೇಕು ಅಂದ್ರೆ ಅದಕ್ಕೂ ಬರ್ತೀನಿ.

ಅಂದ ಹಾಗೆ, ಈ ಆಪ್ ಚೀನಾದಲ್ಲಿ 2014ರಿಂದ ಬ್ಲಾಕ್. ಅಲ್ಲಿ ಇಳಿದ ಮೇಲೆ ಈ ಪೋಸ್ಟ್ ಹುಡುಕ್ತೀನಿ ಅಂದ್ರೆ ಸಿಗಲ್ಲ, ಸ್ಕ್ರೀನ್‌ಶಾಟ್ ತಗೊಳ್ಳಿ.

ಕಾಮೆಂಟಲ್ಲಿ ಏಜೆಂಟರು ಬಂದು ‘ನಿಮಗೆ ಹೊಟ್ಟೆಕಿಚ್ಚು’ ಅಂತ ಬರೆದ್ರೆ ಅಳಿಸಲ್ಲ. ಕೆಳಗೇ ಲೈಸೆನ್ಸ್ ನಂಬರ್ ಕೇಳ್ತೀನಿ.

#ಝಡ್‌ವೀಸಾ #ಚೀನಾದಲ್ಲಿಇಂಗ್ಲಿಷ್ #ಎಂಎಇಂಗ್ಲಿಷ್‌ಬ್ಯಾಚ್ #ಏಜೆಂಟ್‌ಗೆಕೇಳಿ